ಒದ್ದೆ ಗವಸು

ಫಿನ್‌ಲೆಂಡಿನ ಕುವೊಪಿಯೊ ಊರಿನ ಐಸ್ ಹಾಕಿ ತಂಡದಲ್ಲಿ ಹದಿನಾಲ್ಕು ವರ್ಷದಿಂದ ಮುಂಪಡೆಯ ಆಟಗಾರನಾಗಿದ್ದ ಟೌನೊನಿಗೆ ಆ ಬೆಳಗ್ಗೆ ಏನೋ ಸರಿ ಕಾಣಲಿಲ್ಲ. ಆಟಗಾರರನ್ನು ಬೇರೆ ತಂಡಕ್ಕೆ ಮಾರಲು ಅಂದೇ ಕಡೆಯ ದಿನ. "ಇವತ್ತು ಐಸಿಗೆ ಇಳೀಬೇಡ, ಮಂಡಿಗೆ ರೆಸ್ಟ್ ಕೊಡು" ಎಂದು ತರಬೇತುದಾರ ಮುಖ ನೋಡದೆ ಹೇಳಿ ಹೋಗಿದ್ದ. ಮಂಡಿ ನೋಯುತ್ತಲೇ ಇರಲಿಲ್ಲ.

ತಂಡದ ಕೋಣೆಯಲ್ಲಿ, ಆಟಗಾರರ ಸ್ಕೇಟುಗಳ ಅಲಗಿಗೆ ಸಾಣೆ ಹಿಡಿಯುವ ಮುದುಕ ಇಲ್ಮರಿ ಕೇಳದೆಯೇ ಕಾಫಿ ತಂದಿಟ್ಟ. ಇಷ್ಟು ವರ್ಷ ಬೈಗುಳವಲ್ಲದೆ ಬೇರೇನೂ ಕೊಟ್ಟವನಲ್ಲ.

"ಏನ್ ತಾತ, ನನ್ನ ಮಾರ್ಬಿಟ್ರಾ?"

"ನಂಗೇನಪ್ಪ ಗೊತ್ತು, ಸಾಣೆ ಹಿಡಿಯೋನು ನಾನು. ಆರೋಗತ್ತೆ, ಕುಡಿ."

ಟೌನೊ ನಂಬಲಿಲ್ಲ. ನಿನ್ನೆಯ ಪಂದ್ಯದಲ್ಲಿ ಬೆವರಿಗೆ ನೆನೆದು ನಾರುತ್ತಿದ್ದ ಗವಸುಗಳನ್ನು, ಮುದುಕ ಒರೆಸಿಟ್ಟ ಮೇಜಿನ ಮೇಲೆ ಬೇಕೆಂದೇ ಎಸೆದ. ಕಳೆದ ವಾರವಷ್ಟೇ ಇದೇ ತಪ್ಪಿಗೆ ಇಲ್ಮರಿ, "ಹಂದಿಗೂಡು ಅನ್ಕೊಂಡ್ಯಾ?" ಎಂದು ಗವಸುಗಳನ್ನು ಹೊರಗಿನ ಹಿಮಕ್ಕೆ ಬಿಸಾಕಿದ್ದ.

ಇಂದು ಮುದುಕ ಅವನ್ನು ಎತ್ತಿಕೊಂಡು, ಒಂದೊಂದು ಬೆರಳನ್ನೂ ಬಿಡಿಸಿ, ಬಿಸಿಗಾಳಿಯ ಮುಂದೆ ನೇತುಹಾಕಿದ.

ಟೌನೊ ಕಾಫಿ ಕೆಳಗಿಟ್ಟ. "ಯಾವೂರಿಗೆ, ತಾತ?"

ಇಲ್ಮರಿ ತಿರುಗಲಿಲ್ಲ. "ರೌಮಾಗೆ. ಅಲ್ಲಿ ಸಾಣೆ ಹಿಡಿಯೋನಿಗೆ ನಿನ್ನ ಕಾಲು ಗೊತ್ತಿಲ್ಲ. ಎಡಗಾಲಿಂದು ಒಂದೆಳೆ ಜಾಸ್ತಿ ಚೂಪಿರ್ಬೇಕು ಅಂತ ಚೀಟಿ ಬರೆದು ನಿನ್ನ ಚೀಲದಲ್ಲಿ ಇಟ್ಟಿದೀನಿ."