ಕೇಳದೆ ಹಾಕಿದ ಆರು ಗೆರೆ

ಒಂದು ಗಂಟೆ ಹದಿನೇಳು ನಿಮಿಷ. ಅಂದಾಜಿನ ಮಾತಲ್ಲ, ಬರೆದಿಟ್ಟ ಲೆಕ್ಕ. ಸರೋಜಾ ಟೀಚರ ನೋಟ್ ಪುಸ್ತಕದಲ್ಲಿ ಆ ರಾತ್ರಿಯ ಕೊನೆಯ ಉಲ್ಕೆಯ ಮುಂದೆ ಆ ಹೊತ್ತು ನಮೂದಾಗಿದೆ. ಅದರ ಕೆಳಗೆ ಪೆನ್ನು ಜಾರಿ ಎಳೆದ ಒಂದು ಉದ್ದ ಗೀಟು, ಆಮೇಲೆ ಪುಟವೆಲ್ಲ ಖಾಲಿ.

ಇವತ್ತು ಬೆಳಿಗ್ಗೆ ಹಿಂದೂಪುರದ ನಮ್ಮ ಬೀದಿಯಲ್ಲಿ ಮೋರಿಯ ಅಂಚಿಗೆ ಸುಣ್ಣದ ಪುಡಿ ಉದುರಿಸಿಕೊಂಡು ಹೋದರು. ಹಾಲಿನ ಪಾತ್ರೆ ಹಿಡಿದು ಹೊರಟವನು ಆ ವಾಸನೆಗೆ ಅಲ್ಲೇ ನಿಂತುಬಿಟ್ಟೆ. ಬಿಳಿ ಗೆರೆ ದಾಟುವುದಕ್ಕೆ ಕಾಲು ಬರಲಿಲ್ಲ. ನಗಬೇಡಿ. ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವ ಮನುಷ್ಯ ಸುಣ್ಣಕ್ಕೆ ಹೆದರುತ್ತಾನೆಂದರೆ ನನಗೇ ನಗು ಬರಬೇಕು. ಆದರೆ ಇಷ್ಟು ವರ್ಷದ ಮೇಲೂ ಕೆಲವು ರಾತ್ರಿ ನಿದ್ದೆ ಹತ್ತುವುದಿಲ್ಲ; ನಗುವುದಕ್ಕೂ ಸ್ವಲ್ಪ ನಿದ್ದೆ ಮಾಡಿರಬೇಕಾಗುತ್ತದೆ.

ನಮ್ಮದು ಆರು ಜನರ ಸಂಘ, ಹೆಂಗಸೆಂದರೆ ಸರೋಜಾ ಟೀಚರೊಬ್ಬರೇ. ಹೆಸರಿಗೆ ಖಗೋಳ ವೀಕ್ಷಕರು. ಸೇರುತ್ತಿದ್ದದ್ದು ಮಲ್ಲಣ್ಣನ ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ. ಸುಟ್ಟುಹೋದ ಬೋರ್‌ವೆಲ್ ಮೋಟಾರುಗಳ ಮಧ್ಯೆ ಕೂತು ಗುರುಗ್ರಹದ ಮಾತಾಡುತ್ತಿದ್ದೆವು. ಮಲ್ಲಣ್ಣ ಓದಿದ್ದು ಏಳನೇ ಕ್ಲಾಸು. ಎರಡು ದಪ್ಪ ಗಾಜುಗಳನ್ನು ಒಂದರ ಮೇಲೊಂದು ಇಟ್ಟು, ನಡುವೆ ಮರಳಿನಂಥ ಪುಡಿ ಹಾಕಿ, ಒಂದು ವರ್ಷ ಉಜ್ಜಿ ಉಜ್ಜಿ ದೂರದರ್ಶಕದ ಕನ್ನಡಿಯನ್ನು ತಾನೇ ಮಾಡಿದವನು. ಕೂದಲೆಳೆಯಂಥ ತಾಮ್ರದ ತಂತಿಯನ್ನು ತುಂಡಾಗದಂತೆ ಸುತ್ತುವ ಬೆರಳುಗಳು ಅವನವು. ಆ ಕನ್ನಡಿ ಅಷ್ಟು ನಯವಾಗಿ ಬಂದದ್ದು ಹೇಗೆ ಎಂದು ನಾನು ಎರಡು ಸೂತ್ರ ಬರೆದು ಅವನಿಗೆ ವಿವರಿಸಿದ್ದೂ ಉಂಟು. ಕೇಳಿಸಿಕೊಂಡು, ಟೀ ತರಿಸಿಕೊಟ್ಟಿದ್ದ.

ಅವನದೊಂದು ಪದ್ಧತಿ ಇತ್ತು. ಲೇಪಾಕ್ಷಿಯಾಗಲಿ ಚಿಲಮತ್ತೂರಾಗಲಿ, ಯಾವ ಊರಿನ ಬಯಲಿಗೆ ಹೋದರೂ ಮೊದಲು ಊರಿನ ಕಟ್ಟೆಗೆ ಹೋಗುವುದು. ಟೀ ಕುಡಿಯುವುದು. ನಾವು ಯಾರು, ಏನು ನೋಡೋಕೆ ಬಂದಿದ್ದೇವೆ ಅಂತ ಹೇಳುವುದು. ಅವರ ಮಳೆ, ಬೆಳೆ, ಮಗಳ ಮದುವೆ ಎಲ್ಲ ಕೇಳಿಕೊಂಡು, ಆಮೇಲೆ ಅವರಿಗೇ ಮೊದಲು ಚಂದ್ರನನ್ನು ತೋರಿಸಿ, ಅವರು ಮನೆಗೆ ಹೋದ ಮೇಲೆ ನಮ್ಮ ಕೆಲಸ. ಇದರಲ್ಲಿ ಎರಡು ಗಂಟೆ ಹೋಗುತ್ತಿತ್ತು. ನಾನು ಇದಕ್ಕೆ ಮಲ್ಲಣ್ಣನ ಬೀಗತನ ಅಂತ ಹೆಸರಿಟ್ಟಿದ್ದೆ.

ಎರಡು ಸಾವಿರದ ನಾಲ್ಕರ ಡಿಸೆಂಬರಿನಲ್ಲಿ ಉಲ್ಕೆಗಳನ್ನು ಎಣಿಸುವುದಕ್ಕೆಂದು ಕಲ್ಯಾಣದುರ್ಗದ ಆಚೆ ಒಂದು ಹಳ್ಳಿಗೆ ಹೊರಟೆವು. ಅಮಾವಾಸ್ಯೆ ಕಳೆದು ಎರಡು ದಿನ. ಆ ಕಡೆಯ ಕತ್ತಲೆ ಹಿಂದೂಪುರದಲ್ಲಿ ದುಡ್ಡು ಕೊಟ್ಟರೂ ಸಿಗದು. ಬಾಡಿಗೆ ಜೀಪು ಪೆನುಕೊಂಡದ ಹತ್ತಿರ ಪಂಕ್ಚರ್ ಆಯಿತು. ತಲುಪುವಾಗ ಹನ್ನೊಂದು. ಊರು ಮಲಗಿತ್ತು. ಮಲ್ಲಣ್ಣ ಜೀಪು ನಿಲ್ಲಿಸಿ ಅಂದ:

“ಒಬ್ಬರನ್ನಾದ್ರೂ ಎಬ್ಬಿಸಿ ಒಂದು ಮಾತು ಹೇಳ್ಬುಟ್ಟು ಬತ್ತೀನಿ ಸಾರು.”

“ಮಲಗಿದವರನ್ನ ಎಬ್ಬಿಸಿ ನಕ್ಷತ್ರದ ಕಥೆ ಹೇಳ್ತೀಯಾ? ಈಗಾಗಲೇ ತಡ ಆಗಿದೆ, ನಡಿ” ಅಂದೆ ನಾನು.

ಅವನು ಸುಮ್ಮನಾದ.

ಊರಿಂದ ಅರ್ಧ ಮೈಲಿ ಆಚೆ, ಗುಡ್ಡದ ಬುಡದಲ್ಲಿ, ಒಂದು ಹಾಳು ಮಂಟಪದ ಮುಂದೆ ಸಮತಟ್ಟು ಜಾಗ. ನನ್ನ ವಿದ್ಯೆ ತೋರಿಸುವ ಹೊತ್ತು. ಐದು ಜನ ಐದು ದಿಕ್ಕಿನ ಆಕಾಶ ನೋಡಬೇಕು, ಒಬ್ಬರು ನಡುವೆ ಕೂತು ಬರೆದುಕೊಳ್ಳಬೇಕು. ಯಾರ ಪಾಲು ಎಲ್ಲಿಂದ ಎಲ್ಲಿಗೆ ಎಂದು ಗೊಂದಲವಾಗದಿರಲೆಂದು ಮನೆಯಿಂದಲೇ ಸುಣ್ಣದ ಪುಡಿ ತಂದಿದ್ದೆ. ದಿಕ್ಸೂಚಿ ಇಟ್ಟು, ಒಂದು ವೃತ್ತ ಎಳೆದು, ಪಾಲಿಗೊಂದರಂತೆ ಐದು ಗೆರೆ ಹಾಕಿ, ಉತ್ತರಕ್ಕೆ ಇನ್ನೊಂದು ಉದ್ದ ಗೆರೆ ಎಳೆದೆ. ಐದು ಜನ ತಲೆ ಒಳಗೆ, ಕಾಲು ಹೊರಗೆ ಮಾಡಿ ಗೆರೆಗಳ ನಡುವೆ ಅಂಗಾತ ಮಲಗಿದೆವು. ಕಣ್ಣು ಕತ್ತಲೆಗೆ ಹೊಂದಿಕೊಂಡಿರಲೆಂದು ಟಾರ್ಚಿಗೆ ಕೆಂಪು ಕಾಗದ. ಆ ಬೆಳಕೂ ಚೆಲ್ಲಬಾರದೆಂದು ಸರೋಜಾ ಟೀಚರು ನಡುವೆ ಕೂತು ತಲೆಯ ಮೇಲೆ ಕಂಬಳಿ ಹೊದ್ದುಕೊಂಡಿದ್ದರು. ಒಂದೊಂದು ಉಲ್ಕೆ ಬಿದ್ದಾಗಲೂ ನಾವು ಕೂಗುವುದು, ಕಂಬಳಿಯೊಳಗಿಂದ ಅವರು ಹೂಂಗುಟ್ಟುವುದು.

ನೀವೇ ಗುಡ್ಡದ ದಾರಿಯಲ್ಲಿ ನಿಂತು ಇದನ್ನು ದೂರದಿಂದ ನೋಡಿ. ಅಮಾವಾಸ್ಯೆಯಂಥ ಕತ್ತಲು, ಬಿಳಿ ಮಂಡಲ, ಕೆಂಪು ದೀಪ, ಮುಸುಕು ಹಾಕಿದ ಒಬ್ಬ ಹೆಂಗಸು, ಸುತ್ತ ಹೆಣದ ಹಾಗೆ ಮಲಗಿ ಆಗಾಗ ಕೂಗುವ ಗಂಡಸರು. ಮೂರು ತಿಂಗಳ ಹಿಂದೆ ಅದೇ ಮಂಟಪದಲ್ಲಿ ನಿಧಿ ಅಗೆಯುವವರು ಕಲ್ಲಿನ ಬಸವಣ್ಣನನ್ನು ಒಡೆದು, ಕೋಳಿ ಕೊಯ್ದು ಹೋಗಿದ್ದರು. ಮುಂದಿನ ಸಲ ಬಲಿಗೆ ಮನುಷ್ಯರೇ ಎಂದು ಊರೆಲ್ಲ ಮಾತಾಗಿತ್ತು. ನಮಗೆ ಇದು ಗೊತ್ತಿರಲಿಲ್ಲ. ಕಟ್ಟೆಯ ಮೇಲೆ ಒಂದು ಟೀ ಕುಡಿದಿದ್ದರೆ ಗೊತ್ತಾಗುತ್ತಿತ್ತು.

ಮೊದಲು ನಾಯಿ, ಆಮೇಲೆ ಒಂದು ಕಲ್ಲು. ಏಳುವಷ್ಟರಲ್ಲಿ ಸುತ್ತ ಇಪ್ಪತ್ತು ಮೂವತ್ತು ಜನ, ಕೈಯಲ್ಲಿ ದೊಣ್ಣೆ. “ಎವುರ್ರಾ ಮೀರು?” ಎಂದು ಒಬ್ಬ ಕೇಳಿದ. ಯಾರ್ರೋ ನೀವು? ಸುಲಭದ ಪ್ರಶ್ನೆ. ನಾನು ಎದ್ದು ನಿಂತು ಉಲ್ಕಾಪಾತ, ಧೂಳಿನ ಕಣ, ಭೂಮಿಯ ಕಕ್ಷೆ ಎಂದು ಪುಸ್ತಕದ ತೆಲುಗಿನಲ್ಲಿ ಶುರುಮಾಡಿದೆ. ಅವರಿಗೆ ಅದು ಮಂತ್ರದಂತೆ ಕೇಳಿಸಿರಬೇಕು. ನನ್ನ ತಲೆಗೆಂದು ಎತ್ತಿದ ದೊಣ್ಣೆ ಕಂಡಿತು. ಪಕ್ಕದಿಂದ ಮಲ್ಲಣ್ಣ, ಬಸ್ಸು ನಿಲ್ಲಿಸುವವನ ಹಾಗೆ ಬಲಗೈ ಅಡ್ಡ ಹಿಡಿದ. ಒಣ ಕಟ್ಟಿಗೆ ಮುರಿದಂಥ ಸದ್ದಾಯಿತು. ಆ ಸದ್ದು ಇನ್ನೂ ನನ್ನ ಕಿವಿ ಬಿಟ್ಟು ಹೋಗಿಲ್ಲ.

ನಮ್ಮನ್ನು ಉಳಿಸಿದ್ದು ವಿಜ್ಞಾನವಲ್ಲ. ಅವರ ಕಣ್ಣಿಗೆ ಬಲಿಯಾಗಬೇಕಿದ್ದ ಹೆಂಗಸು, ಸರೋಜಾ ಟೀಚರು, ಕಂಬಳಿ ಕಿತ್ತೆಸೆದು, ಕನ್ನಡಕ ಸರಿಮಾಡಿಕೊಂಡು, ಪೆನ್ನು ಹಿಡಿದ ಕೈಯನ್ನೇ ಅವರ ಮುಖಕ್ಕೆ ತೋರಿಸಿ ಅವರ ಆಡುಮಾತಿನಲ್ಲೇ ಅಂದರು: “ನಾನೇನು ಸತ್ತಿದೀನೇನಪ್ಪಾ? ಉಸಿರೈತೆ, ನೋಡು ಬಾ. ಆ ಯಪ್ಪನ ಕೈ ಮುರಿದ್ಬುಟ್ರಲ್ಲ, ಮೊದ್ಲು ಅದನ್ನ ನೋಡ್ರಿ.” ಮೂವತ್ತು ವರ್ಷ ಮಕ್ಕಳನ್ನು ಕೂರಿಸಿದ ಗಂಟಲು. ದೊಣ್ಣೆಗಳು ಒಂದೊಂದಾಗಿ ಇಳಿದವು.

ಕಲ್ಯಾಣದುರ್ಗದ ಆಸ್ಪತ್ರೆಗೆ ಅದೇ ಜೀಪಿನಲ್ಲಿ ಹೋದೆವು. ಊರಿನ ಹಿರಿಯ ಹನುಮಂತಪ್ಪ ತಾನೂ ಹತ್ತಿದ, ತನ್ನ ಟವಲಿನಲ್ಲೇ ಮಲ್ಲಣ್ಣನ ಕೈ ಸುತ್ತಿದ. ದಾರಿಯುದ್ದಕ್ಕೂ ಅವನು ಆಡಿದ್ದು ಒಂದೇ ಮಾತು: “ಬಂದು ಒಂದು ಮಾತು ಹೇಳಿದ್ರೆ ನಾವೇ ಚಾಪೆ ಹಾಸ್ತಿದ್ವಲ್ಲಪ್ಪಾ.”

ಮೂಳೆ ಕೂಡಿಕೊಂಡಿತು. ಎರಡು ಬೆರಳು ಮಾತ್ರ ಪೂರ್ತಿ ಮಡಚುವುದಿಲ್ಲ. ಫ್ಯಾನು, ಮಿಕ್ಸಿಯ ಸಣ್ಣ ತಂತಿಯ ಕೆಲಸ ಬಂದರೆ ಮಲ್ಲಣ್ಣ ಬೇರೆ ಅಂಗಡಿ ತೋರಿಸತೊಡಗಿದ. ನನಗೆ ಪೆಟ್ಟೇ ಬಿದ್ದಿರಲಿಲ್ಲ. ಆದರೂ ದಿನಾ ರಾತ್ರಿ ಒಂದು ಗಂಟೆಯ ಹೊತ್ತಿಗೆ ಎಚ್ಚರವಾಗುತ್ತಿತ್ತು. ಎದ್ದು ಚಿಲಕ ನೋಡುವುದು, ನೀರು ಕುಡಿಯುವುದು, ಮತ್ತೆ ಚಿಲಕ ನೋಡುವುದು. ಹೆಂಡತಿ ಮೊದಮೊದಲು ಕೇಳುತ್ತಿದ್ದಳು, ಆಮೇಲೆ ಮಗ್ಗುಲು ಬದಲಿಸುತ್ತಿದ್ದಳು. ತರಗತಿಯಲ್ಲಿ ಬೋರ್ಡಿಗೆ ಒರಗಿಕೊಂಡು ತೂಕಡಿಸಿದ್ದೂ ಆಯಿತು.

ಫೆಬ್ರುವರಿಯಲ್ಲಿ ಒಂದು ಸಂಜೆ ಅಂಗಡಿಗೆ ಹೋಗಿ, ಅವತ್ತು ಊರವರನ್ನು ಎಬ್ಬಿಸುವುದು ಬೇಡ ಅಂದವನು ನಾನೇ ಅಲ್ಲವೇ ಮಲ್ಲಣ್ಣ ಎಂದೆ. ಅವನು ಎಡಗೈಯಲ್ಲಿ ತಂತಿ ಬಿಡಿಸುತ್ತಲೇ ಇದ್ದ.

“ಗೊತ್ತೈತೆ ಬುಡಿ ಸಾರು. ನಾನೂ ಸುಮ್ಕಾಗ್ಬಾರ್ದಿತ್ತು. ನೀವು ಓದಿದೋರು, ಅದ್ಕೇ ಸುಮ್ಕಾದೆ.”

ಬೈದಿದ್ದರೆ ಎಷ್ಟೋ ಮೇಲಿತ್ತು. ತಂತಿಯ ಸುರುಳಿ ಪಕ್ಕಕ್ಕಿಟ್ಟು ಅವನೇ ಅಂದ, ಮುಂದಿನ ತಿಂಗಳು ಶನಿ ಸಂಜೆಗೇ ನೆತ್ತಿಗೆ ಬರುತ್ತಾನೆ, ಆ ಊರಿಗೇ ಹೋಗೋಣ ಎಂದು. ಅಲ್ಲಿಗಾ, ಎಂದೆ. “ಇನ್ನೆಲ್ಲಿಗೆ? ಅವ್ರಿಗಿನ್ನೂ ಏನೂ ತೋರ್ಸಿಲ್ವಲ್ಲ.”

ಈಗೆಲ್ಲ ಯಾವ ಊರಿಗೆ ಹೋದರೂ ಕಟ್ಟೆಯ ಮೇಲೆ ಮೊದಲು ಕೂರುವವನು ನಾನು. ಹೊರಡೋಣ ಎಂದು ಆಕಳಿಸುವವನು ಮಲ್ಲಣ್ಣ. ಅದರ ಶುರು ಆ ಮಾರ್ಚಿನಲ್ಲಿ. ಹಗಲಿನ ಬಸ್ಸಿಗೇ ಹೋದೆವು. ಮೂರು ಮನೆಯಲ್ಲಿ ಟೀ ಆಯಿತು. ಹನುಮಂತಪ್ಪ ಶಾಲೆಯ ಜಗಲಿಯ ಮೇಲೆ ಚಾಪೆ ಹಾಸಿಸಿದ. ಕತ್ತಲಾಗುತ್ತಲೂ ದೂರದರ್ಶಕದ ಮುಂದೆ ಊರಿಗೆ ಊರೇ ಸಾಲುಗಟ್ಟಿತು. ಶನಿಯ ಬಳೆ ಕಂಡ ಒಬ್ಬ ಮುದುಕಿ, ಇದು ಇವನು ಬರೆದು ಅಂಟಿಸಿದ ಚಿತ್ರ ಎಂದು ಮಲ್ಲಣ್ಣನನ್ನು ಗದರಿಸಿ, ಕೊಳವೆಯ ಆಚೆ ತುದಿಗೆ ಕೈ ಹಾಕಿ ನೋಡಿ ಬಂದಳು.

ನಾನು ಜಗಲಿಯ ಕಂಬಕ್ಕೆ ಒರಗಿ ಕೂತಿದ್ದೆ. ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದೆ. ದೊಣ್ಣೆ ಎತ್ತಿದವನು ಈ ಸಾಲಿನಲ್ಲಿ ಇದ್ದೇ ಇರಬೇಕು. ಮಲ್ಲಣ್ಣನ ಆ ಕೈಯನ್ನು ಕಂಡಾಗ ಅವನ ಮುಖ ಹೇಗಾಗುತ್ತದೋ ನೋಡಬೇಕು, ಅಷ್ಟು ನೋಡಿದರೆ ಸಾಕು ಎಂದು ಹಟ ಹಿಡಿದಿದ್ದೆ. ಒಬ್ಬ ಬಂದ, ಬಗ್ಗಿದ, ಅಬ್ಬಾ ಎಂದ, ಹೋದ. ಇನ್ನೊಬ್ಬ ಬಂದ, ಬಗ್ಗಿದ. ಮಲ್ಲಣ್ಣ ಮಡಚದ ಬೆರಳುಗಳಿಂದಲೇ ಎಲ್ಲರ ಹೆಗಲು ಹಿಡಿದು ಕಣ್ಣು ಎಲ್ಲಿಡಬೇಕೆಂದು ತೋರಿಸುತ್ತಿದ್ದ. ಹನ್ನೆರಡನೆಯವನೋ ಹದಿಮೂರನೆಯವನೋ ಬಂದದ್ದು ನೆನಪಿದೆ.

ಕಣ್ಣು ಬಿಟ್ಟಾಗ ಜಗಲಿಯ ಮೇಲೆ ಬಿಸಿಲಿತ್ತು. ಮೈಮೇಲೆ ಯಾರದೋ ಕಂಬಳಿ. ಇಡೀ ಸಾಲು ನನ್ನ ಕಾಲು ದಾಟಿಕೊಂಡೇ ಓಡಾಡಿತಂತೆ; ಎಬ್ಬಿಸಬೇಡಿ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರಂತೆ. ಕಂಬಳಿ ಹೊದಿಸಿದ್ದು ಯಾರು ಎಂದು ಮಲ್ಲಣ್ಣನನ್ನು ಕೇಳಿದೆ. ಊರೋರು ಯಾರೋ, ಕತ್ತಲಲ್ಲಿ ಕಾಣಲಿಲ್ಲ ಎಂದ.