ಬಿರುಸು ಎಂಬ ಮಾತು

ಮೊನ್ನೆ ಮೊಮ್ಮಗಳು ಅಂಗಡಿಯಿಂದ ಚಕ್ಕುಲಿ ತಂದಿದ್ದಳು. ಪೊಟ್ಟಣ ಬಿಚ್ಚಿದೊಡನೆ ಎಳ್ಳು, ಇಂಗಿನ ವಾಸನೆ. ಒಂದು ತುಂಡು ಕಚ್ಚಿ, "ಬಿರುಸಾಗಿದೆ" ಎಂದೆ.

"ಬಿರುಸು ಅಂದ್ರೆ ಏನಜ್ಜಿ? ಹಾರ್ಡಾ?"

ಹೂಂ ಎಂದೆ. ಆದರೆ ಅಷ್ಟೇ ಅಲ್ಲ... ಹಿಟ್ಟಿಗೆ ಬೆಣ್ಣೆ ಕಡಿಮೆಯಾದರೆ ಚಕ್ಕುಲಿ ಬಿರುಸಾಗುತ್ತದೆ, ಹಲ್ಲಿಗೆ ಬಗ್ಗುವುದಿಲ್ಲ. ಹೆಣ್ಣನ್ನು ಬಿರುಸು ಅಂದರೆ, ಅವಳು ಯಾರಿಗೂ ಬಗ್ಗುವುದಿಲ್ಲ ಎಂದರ್ಥ. ಇದನ್ನು ನನಗೆ ಕಲಿಸಿದವಳು ನಮ್ಮ ಎದುರುಮನೆಯಾಕೆ.

ನಾವು ಜಯನಗರಕ್ಕೆ ಬಂದದ್ದು ಐವತ್ತರ ದಶಕದ ಕೊನೆಯಲ್ಲಿ. ಬೀದಿಯಲ್ಲಿ ಆರೇಳು ಮನೆ, ಅದರಾಚೆ ರಾಗಿ ಹೊಲ. ಎದುರುಮನೆಯಾಕೆಯನ್ನು ಅಕ್ಕನೂ ನಾನೂ ದೊಡ್ಡಮ್ಮ ಎಂದೇ ಕರೆಯುತ್ತಿದ್ದೆವು. ಗೋಕುಲಾಷ್ಟಮಿಗೆ ಯಾರ ಮನೆಯ ಚಕ್ಕುಲಿ ಹೋದರೂ ಆಕೆ ಕಿವಿಯ ಹತ್ತಿರ ಹಿಡಿದು ಮುರಿದು, ಸದ್ದು ಕೇಳಿ, ಆಮೇಲೆ ಬಾಯಿಗೆ ಹಾಕುತ್ತಿದ್ದಳು. ‘ಗರಿಗರಿ’ ಅಂದರೆ ಪಾಸು. ‘ಬಿರುಸು’ ಅಂದರೆ, ಮಾಡಿದವರಿಗೆ ಮುಂದಿನ ಹಬ್ಬದವರೆಗೂ ಅವಮಾನ.

ಸಾರಕ್ಕಿಯಿಂದ ಸೊಪ್ಪು ಹೊತ್ತು ತರುತ್ತಿದ್ದ ಮುದುಕಿಯನ್ನು ಆಕೆ ಒಂದು ಬೆಳಿಗ್ಗೆ ಬಾಯಿಗೆ ಬಂದಂತೆ ಬೈದಳು. ಅಕ್ಕ ನಮ್ಮ ಗೇಟಿನಿಂದಲೇ, "ವಯಸ್ಸಾದೋರು, ಯಾಕೆ ಹಾಗಂತೀರಿ ದೊಡ್ಡಮ್ಮ?" ಎಂದಳು. ಅಷ್ಟೇ.

ಎರಡು ತಿಂಗಳಾದ ಮೇಲೆ ಅಕ್ಕನಿಗೆ ಬಸವನಗುಡಿಯ ಸಂಬಂಧವೊಂದು ಕೂಡಿಬಂತು. ಹುಡುಗ ಒಪ್ಪಿದ್ದ. ಅವನ ತಾಯಿ ಎದುರುಮನೆಯಲ್ಲಿ ವಿಚಾರಿಸಿದರಂತೆ. "ಹುಡುಗಿ ಲಕ್ಷಣವಾಗಿದ್ದಾಳೆ, ಸ್ವಲ್ಪ ಬಿರುಸು" ಎಂದಳಂತೆ ಈಕೆ. ಸಂಬಂಧ ಮುರಿಯಿತು. ಅಮ್ಮ ಕಣ್ಣೀರು ಒರೆಸಿಕೊಂಡು ಕೇಳಲು ಹೋದರೆ, "ಬಿರುಸು ಅನ್ನೋದು ಬೈಗುಳಾನೇನ್ರೀ? ಗಟ್ಟಿ ಹುಡುಗಿ ಅಂದೆ" ಎಂದು ನಕ್ಕಳು. ಮುಂದೆ ಬಂದ ಎರಡು ಸಂಬಂಧಗಳವರ ಕಿವಿಗೂ ಆ ಮಾತು ಬಿದ್ದಿತ್ತು. ಅಕ್ಕ ಟೈಪಿಂಗ್ ಕಲಿತು ಕೆಲಸಕ್ಕೆ ಸೇರಿದಳು. ಇನ್ನು ಮದುವೆಯ ಮಾತೆತ್ತಬೇಡಿ ಎಂದಳು.

ನಾನು ಕಾದೆ. ಐದು ವರ್ಷ.

ಆಕೆಗೆ ಒಬ್ಬನೇ ಮಗ. ತಗ್ಗಿದ ದನಿಯ, ಯಾರಿಗೂ ಎದುರಾಡದ ಮನುಷ್ಯ. ಅವನಿಗೆ ಹೆಣ್ಣು ಕೊಡಬೇಕೆಂದಿದ್ದವರು ನಮ್ಮಲ್ಲಿ ವಿಚಾರಿಸಲು ಬಂದ ದಿನ ಅಮ್ಮ ದೇವಸ್ಥಾನಕ್ಕೆ ಹೋಗಿದ್ದಳು. ಕಾಫಿ ಕೊಟ್ಟವಳು ನಾನು. ಹುಡುಗ ಹೇಗಮ್ಮ ಎಂದು ಹೆಣ್ಣಿನ ತಂದೆ ಕೇಳಿದರು.

"ತುಂಬ ಒಳ್ಳೆಯವರು" ಎಂದೆ. ಸ್ವಲ್ಪ ತಡೆದು, "ಒಂಚೂರು ಮೆತ್ತಗೆ" ಎಂದೆ.

ಆರೋಗ್ಯವೋ, ಗಂಡಸುತನವೋ... ಏನು ಬೇಕಾದರೂ ತಿಳಿದುಕೊಳ್ಳಲಿ ಎಂದು ತಲೆ ತಗ್ಗಿಸಿದೆ. ಅವರು ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದರು.

ವಾರದೊಳಗೆ ಆಕೆ ನಮ್ಮ ಗೇಟಿಗೆ ಬಂದಳು. ತಲೆ ಕೂಡ ಬಾಚಿರಲಿಲ್ಲ.

"ಏನೇ ಹೇಳ್ದೆ ಅವರಿಗೆ?"

"ಮೆತ್ತಗೆ ಅನ್ನೋದು ಬೈಗುಳಾನಾ ದೊಡ್ಡಮ್ಮ? ಸಾಧು ಹುಡುಗ ಅಂದೆ."

ಆಕೆ ಗೇಟಿನ ಸರಳು ಹಿಡಿದು ನಿಂತಳು. ಅಮ್ಮನೂ ಅವತ್ತು ಹೀಗೇ ನಿಂತಿದ್ದಿರಬೇಕು. ನನ್ನ ಹೊಟ್ಟೆ ತಣ್ಣಗಾಯಿತು.

ಸಂಜೆ ಕೆಲಸದಿಂದ ಬಂದ ಅಕ್ಕನಿಗೆ ಬಾಗಿಲಲ್ಲೇ ಎಲ್ಲವನ್ನೂ ಹೇಳಿದೆ. ಮೆಚ್ಚುತ್ತಾಳೆ ಎಂದುಕೊಂಡಿದ್ದೆ. ಚಪ್ಪಲಿ ಬಿಡುತ್ತಿದ್ದವಳು ಹಾಗೇ ನಿಂತಳು.

"ನನ್ನ ಸಂಬಂಧ ಮುರಿದಾಗ, ‘ನಮ್ಮಮ್ಮ ಮಾಡಿದ್ದು ತಪ್ಪು’ ಅಂತ ನನ್ಹತ್ರ ಬಂದು ಹೇಳಿದ್ದು ದೊಡ್ಡಮ್ಮನ ಮಗ ಒಬ್ರೇ ಕಣೇ" ಎಂದು ಒಳಗೆ ಹೋದಳು.

ಮರುವರ್ಷ ಎದುರುಮನೆ ಮಾರಾಟವಾಯಿತು. ಅವರು ಮೈಸೂರಿಗೆ ಹೋದರು. ಎಷ್ಟೋ ವರ್ಷಗಳ ನಂತರ ಆಕೆ ತೀರಿಕೊಂಡ ಸುದ್ದಿ ಬಂದಾಗ ನಾನು ಉಣ್ಣುತ್ತಿದ್ದ ಊಟ ಮುಗಿಸಿಯೇ ಎದ್ದೆ. ಆಕೆಯ ಮೇಲೆ ಇವತ್ತಿಗೂ ನನಗೆ ಕನಿಕರವಿಲ್ಲ.

ಅಕ್ಕ ಮಾತ್ರ ಸಾಯುವವರೆಗೂ ಆ ವಿಷಯ ಮತ್ತೆ ಎತ್ತಲಿಲ್ಲ. ಅವಳು ಹೋಗಿ ಈಗ ಮೂರು ವರ್ಷ. ಕಳೆದ ವರ್ಷ ಆಕೆಯ ಮಗನೂ ಹೋದನೆಂದು ಕೇಳಿದೆ. ಕೊನೆಯವರೆಗೂ ಒಂಟಿಯಾಗಿಯೇ ಇದ್ದನಂತೆ... ಅಕ್ಕನ ಹಾಗೆಯೇ.