ಪನವೇಲ್‌ವರೆಗಿನ ತಂಪು

ವಾಗ್ಳೆ ಇಂಡಸ್ಟ್ರಿಯಲ್ ಎಸ್ಟೇಟಿನ ಆ ಏಸಿ ಮೆಕ್ಯಾನಿಕ್ ಉಡುಪಿ ಕಡೆಯವರು. ಮೀಟರ್ ಇಟ್ಟು ನೋಡಿದ ಮೇಲೂ ಕೈಯ ಹಿಂಬದಿಯನ್ನು ಗಾಳಿಗೆ ಒಡ್ಡಿ ಕಣ್ಣು ಮುಚ್ಚುತ್ತಿದ್ದರು. "ಇನ್ನೂ ಸ್ವಲ್ಪ ನೋಡುವ" ಎನ್ನುವುದು ಅವರ ಮಾತು.

ಹಾಸಿಗೆ, ಒಲೆ ಎಲ್ಲ ಇರುವ ನಮ್ಮ ಮನೆಗಾಡಿಯ ಡ್ಯಾಶ್‌ಬೋರ್ಡ್ ಏಸಿ ಬಿಸಿಗಾಳಿ ಉಗುಳತೊಡಗಿದಾಗ ಅವರಲ್ಲಿಗೆ ಒಯ್ದಿದ್ದೆ.

"ಗ್ಯಾಸ್ ಸಮಾ ಉಂಟು ಮಾರಾಯ್ರೆ. ಹೀಟರಿಗೆ ಬಿಸಿನೀರು ಬಿಡುವ ವಾಲ್ವ್ ಮುಚ್ಚುವುದೇ ಇಲ್ಲ," ಎಂದು ಅದನ್ನು ಬದಲಿಸಿದರು.

ನಿಂತ ಗಾಡಿಯ ತಂಪನ್ನು ಅವರು ನಂಬುವವರಲ್ಲ, ಓಡಿಸಿಯೇ ನೋಡಬೇಕು. ಐರೋಲಿ ದಾಟುವಷ್ಟರಲ್ಲಿ ನನಗೆ ಚಳಿ ಹಿಡಿಯಿತು. "ಇನ್ನೂ ಸ್ವಲ್ಪ ನೋಡುವ," ಎನ್ನುತ್ತ ಪನವೇಲ್‌ವರೆಗೂ ಓಡಿಸಿದರು. ಗೋವಾ ಹೆದ್ದಾರಿಯ ಬೋರ್ಡಿನ ಬಳಿ ನಿಲ್ಲಿಸಿ, ಹಿಂದಿನ ಹಾಸಿಗೆಯತ್ತ ಒಮ್ಮೆ ತಿರುಗಿ ನೋಡಿದರು.

"ಇಲ್ಲಿಂದ ಸೀದಾ ಹೋದ್ರೆ ನಮ್ಮ ಊರು. ಹೋಗುವನಾ?"

ನಾನು ನಕ್ಕೆ. ಅವರೂ ನಕ್ಕು ಗಾಡಿ ತಿರುಗಿಸಿದರು.

ಈ ಬೇಸಿಗೆಯಲ್ಲಿ, ಏಸಿ ಕೆಟ್ಟಿದೆ ಎಂದು ಸುಳ್ಳು ಹೇಳಲು ಅವರಲ್ಲಿಗೆ ಹೋದೆ. ಈ ಸಲ ಪನವೇಲಿನಿಂದ ತಿರುಗಿ ಬರಬಾರದು ಎಂದುಕೊಂಡಿದ್ದೆ. ಹಾಸಿಗೆಗೆ ಹೊಸ ಚಾದರವನ್ನೂ ಹಾಸಿದ್ದೆ.

ಗ್ಯಾರೇಜಿದ್ದಲ್ಲಿ ಈಗ ಟೈರ್ ಅಂಗಡಿ. "ಅಂಕಲ್ ತೋ ಗಾಂವ್ ಚಲೇ ಗಯೇ," ಎಂದರು ಅಂಗಡಿಯವರು.

ನಾನಿಲ್ಲದೆಯೇ ಊರು ಸೇರಿದ್ದರು. ಗಾಡಿಯೊಳಗೆ ಮರಳಿ ಕೂತು ಏಸಿ ಆನ್ ಮಾಡಿ, ಕೈಯ ಹಿಂಬದಿಯನ್ನು ಒಡ್ಡಿದೆ. ಏನೂ ಕೆಟ್ಟಿರಲಿಲ್ಲ.